ಹೊರೆ ಹೊರುವ ದಳ: ರಷ್ಯಾದ ಸೇನಾ ಸಾಗಣೆ ವಿಮಾನ ವಿಭಾಗದ ಇತಿಹಾಸ ಮತ್ತು ರಚನೆ

ವಾಯುಪಡೆ ಎಂದ ಕೂಡಲೇ ನಮಗೆ ನೆನಪಾಗುವುದು ಮಿಗ್, ಸುಖೋಯ್, ರಫೇಲ್‌ನಂಥ ಯುದ್ಧವಿಮಾನಗಳು. ಬಾಂಬ್ ಹಾಕದೆ ಬರೀ ಹೊರೆ ಹೊರುವ ವಿಮಾನಗಳ ಬಗ್ಗೆ ಹೆಚ್ಚು ಮಾತು ನಡೆಯುವುದಿಲ್ಲ. ಆದರೆ ಸೈನಿಕನಿಗೆ ಊಟ, ಬಂದೂಕಿಗೆ ಗುಂಡು, ಟ್ಯಾಂಕಿಗೆ ಇಂಧನ ತಲುಪದಿದ್ದರೆ ಯಾವ ಸೈನ್ಯವೂ ಹೆಚ್ಚು ದಿನ ನಿಲ್ಲಲಾರದು. ನಮ್ಮ ಮನೆಗಳಲ್ಲಿ ಆಡುವ ಉರ್ದುವಿನಲ್ಲಿ ಸೈನ್ಯಕ್ಕೆ ಒದಗಿಸುವ ದವಸ, ಸಾಮಾನಿಗೆ 'ರಸದ್' ಎನ್ನುತ್ತಾರೆ. ಕನ್ನಡದ 'ಸರಬರಾಜು' ಎಂಬ ಪದವೂ ಪರ್ಷಿಯನ್ ಮೂಲದಿಂದಲೇ ಬಂದದ್ದು. ಈ ಲೇಖನ ಅಂಥ ಸರಬರಾಜು ಮಾಡುವ ದೊಡ್ಡ ಸಂಸ್ಥೆಯೊಂದರ ಬಗ್ಗೆ.

ವಾಣಿಜ್ಯ ವಿಭಾಗದ ನಮಗೆ ಇದರಲ್ಲಿ ಏನು ಕೆಲಸ ಎಂದು ಕೇಳಬಹುದು. ವ್ಯವಹಾರ ಅಧ್ಯಯನದಲ್ಲಿ ನಾವು 'ಸಂಘಟನೆ' ಎಂಬ ಪಾಠ ಓದುತ್ತೇವೆ. ಲೆಕ್ಕಶಾಸ್ತ್ರದಲ್ಲಿ ಪಾಲುದಾರಿಕೆ ಸಂಸ್ಥೆಯ ವಿಸರ್ಜನೆ ಓದುತ್ತೇವೆ. ಈ ಎರಡೂ ಪಾಠಗಳು ಈ ಒಂದೇ ಸಂಸ್ಥೆಯ ಕಥೆಯಲ್ಲಿ ಸಿಗುತ್ತವೆ.

ಹುಟ್ಟು ಮತ್ತು ಬೆಳವಣಿಗೆ

ರಷ್ಯಾದ ಸೇನಾ ಸಾಗಣೆ ವಿಮಾನ ವಿಭಾಗವನ್ನು ಅಲ್ಲಿನ ಭಾಷೆಯ ಮೂರು ಮೊದಲಕ್ಷರಗಳಿಂದ 'ವಿಟಿಎ' ಎಂದು ಕರೆಯುತ್ತಾರೆ. 1931ರಲ್ಲಿ ಲೆನಿನ್‌ಗ್ರಾಡ್ ಸೇನಾ ವಲಯದಲ್ಲಿ ಸೈನಿಕರನ್ನು ವಿಮಾನದಲ್ಲಿ ಸಾಗಿಸಲು ಮೊದಲ ಘಟಕ ಆರಂಭವಾಯಿತು. ಅದರ ನೆನಪಿಗೆ ಇಂದಿಗೂ ಜೂನ್ 1ನ್ನು ವಿಟಿಎ ದಿನವಾಗಿ ಆಚರಿಸುತ್ತಾರೆ. 1935ರಲ್ಲಿ ಕೀವ್ ಬಳಿ ನಡೆದ ಸಮರಾಭ್ಯಾಸದಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ವಿಮಾನಗಳಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದರು. ಅಷ್ಟು ದೊಡ್ಡ ಪ್ರಮಾಣದ ಜಿಗಿತ ಆಗ ಜಗತ್ತಿಗೆ ಹೊಸದು.

ಎರಡನೇ ಮಹಾಯುದ್ಧದಲ್ಲಿ ಮುಖ್ಯ ಸಾಗಣೆ ವಿಮಾನ 'ಲಿ-2'. ಇದು ಅಮೆರಿಕದ ಡಗ್ಲಸ್ ಡಿಸಿ-3 ವಿಮಾನವನ್ನು ಪರವಾನಗಿ ಪಡೆದು ಸೋವಿಯತ್ ಒಕ್ಕೂಟದಲ್ಲೇ ತಯಾರಿಸಿದ ಮಾದರಿ. 1941ರಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರಕ್ಕೆ ಮುತ್ತಿಗೆ ಹಾಕಿದಾಗ ಈ ವಿಮಾನಗಳು ಆಹಾರ ಒಯ್ದು, ವಾಪಸ್ ಬರುವಾಗ ಜನರನ್ನು ಕರೆತಂದವು.

ಯುದ್ಧದ ನಂತರ ಕೆಲವು ವರ್ಷ ಈ ದಳ ಪ್ಯಾರಾಚೂಟ್ ಪಡೆಯ ಕೈಕೆಳಗಿತ್ತು. 1955ರಲ್ಲಿ ಅದನ್ನು ಪ್ರತ್ಯೇಕ ವಿಭಾಗವಾಗಿ ಮಾಡಲಾಯಿತು. ಮಾರ್ಷಲ್ ನಿಕೊಲಾಯ್ ಸ್ಕ್ರಿಪ್ಕೊ 1969ರವರೆಗೆ ಅದರ ಮುಖ್ಯಸ್ಥರಾಗಿದ್ದರು.

ನಾಲ್ಕು ಮುಖ್ಯ ವಿಮಾನಗಳು

1. ಎಎನ್-12: 1957ರಲ್ಲಿ ಮೊದಲ ಹಾರಾಟ. ನಾಲ್ಕು ಪ್ರೊಪೆಲ್ಲರ್, ಸುಮಾರು 20 ಟನ್ ಹೊರೆ.
2. ಎಎನ್-22: 1965ರಲ್ಲಿ ಮೊದಲ ಹಾರಾಟ. ಸುಮಾರು 60 ಟನ್ ಹೊರೆ. ಟ್ಯಾಂಕನ್ನೇ ಹೊರುತ್ತದೆ.
3. ಐಎಲ್-76: 1971ರ ಮಾರ್ಚ್ 25ರಂದು ಮೊದಲ ಹಾರಾಟ. ನಾಲ್ಕು ಜೆಟ್ ಎಂಜಿನ್, ಮೊದಲ ಮಾದರಿಗೆ 40 ಟನ್ ಹೊರೆ. ವಿಟಿಎಯ ಬೆನ್ನೆಲುಬು ಇದೇ.
4. ಎಎನ್-124: 1982ರಲ್ಲಿ ಮೊದಲ ಹಾರಾಟ. 120 ಟನ್ ಹೊರಬಲ್ಲ ದೈತ್ಯ.

ಇವುಗಳ ಹುಟ್ಟೂರುಗಳನ್ನು ಗಮನಿಸಿ. ಎಎನ್ ಎಂದರೆ ಆಂಟೊನೊವ್. ಆ ವಿನ್ಯಾಸ ಸಂಸ್ಥೆ ಇರುವುದು ಉಕ್ರೇನಿನ ಕೀವ್‌ನಲ್ಲಿ. ಐಎಲ್ ಎಂದರೆ ಇಲ್ಯೂಷಿನ್. ಇದು ಮಾಸ್ಕೋದ ಸಂಸ್ಥೆ. ಆದರೆ ಐಎಲ್-76 ಮತ್ತು ಎಎನ್-22 ತಯಾರಾಗುತ್ತಿದ್ದದ್ದು ಉಜ್ಬೇಕಿಸ್ತಾನದ ತಾಷ್ಕೆಂಟ್‌ನಲ್ಲಿ. 1966ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ತೀರಿಕೊಂಡ ಅದೇ ಊರು. 1941ರಲ್ಲಿ ಜರ್ಮನ್ ಸೇನೆಯಿಂದ ಉಳಿಸಿಕೊಳ್ಳಲು ಮಾಸ್ಕೋ ಬಳಿಯ ಕಾರ್ಖಾನೆಯೊಂದನ್ನು ಅಲ್ಲಿಗೆ ಸಾಗಿಸಿದ್ದರು. ಒಂದೇ ದೇಶವಾಗಿದ್ದಾಗ ಯಾವ ಊರಲ್ಲಿ ಏನು ತಯಾರಾಗುತ್ತದೆ ಎಂಬುದು ದೊಡ್ಡ ಪ್ರಶ್ನೆಯಾಗಿರಲಿಲ್ಲ.

ಆದೇಶದ ಸರಪಳಿ

ಹೆನ್ರಿ ಫಯೋಲ್ ಹೇಳುವ ಅಧಿಕಾರ ಶ್ರೇಣಿಯನ್ನು ಇಲ್ಲಿ ಸ್ಪಷ್ಟವಾಗಿ ನೋಡಬಹುದು. ಮೇಲೆ ಮಾಸ್ಕೋದಲ್ಲಿ ಕಮಾಂಡ್. ಅದರ ಕೆಳಗೆ ಡಿವಿಷನ್. ಡಿವಿಷನ್ ಕೆಳಗೆ ರೆಜಿಮೆಂಟ್‌ಗಳು. ರೆಜಿಮೆಂಟ್ ಕೆಳಗೆ ಸ್ಕ್ವಾಡ್ರನ್‌ಗಳು. ಐಎಲ್-76ರ ಒಂದು ಪೂರ್ಣ ರೆಜಿಮೆಂಟ್‌ನಲ್ಲಿ ಸಾಮಾನ್ಯವಾಗಿ ಮೂರು ಸ್ಕ್ವಾಡ್ರನ್, ಸುಮಾರು 30 ವಿಮಾನ. ಕೊನೆಗೆ ವಿಮಾನದೊಳಗಿನ ಸಿಬ್ಬಂದಿ: ಇಬ್ಬರು ಪೈಲಟ್‌ಗಳು, ಮೂತಿಯ ಗಾಜಿನ ಭಾಗದಲ್ಲಿ ಕೂರುವ ನ್ಯಾವಿಗೇಟರ್, ಎಂಜಿನಿಯರ್, ರೇಡಿಯೋ ನೋಡಿಕೊಳ್ಳುವವರು, ಸರಕು ಕಟ್ಟಿ ಇಳಿಸುವವರು.

ಒಂದು ವಿಶೇಷವಿದೆ. ವಿಮಾನದಿಂದ ಜಿಗಿಯುವ ಪ್ಯಾರಾಚೂಟ್ ಪಡೆ ಬೇರೆ ವಿಭಾಗ, ವಿಮಾನ ಹಾರಿಸುವವರು ಬೇರೆ ವಿಭಾಗ. ಪ್ಯಾರಾಚೂಟ್ ಪಡೆಯ ಸೇನಾಧಿಕಾರಿಗೆ ಸ್ವಂತ ದೊಡ್ಡ ವಿಮಾನಗಳಿಲ್ಲ. ಮೇಲಿನ ಕಚೇರಿ ಎರಡನ್ನೂ ಜೋಡಿಸಿದರೆ ಮಾತ್ರ ಕೆಲಸ ನಡೆಯುತ್ತದೆ. ಪಾಠದಲ್ಲಿ ಬರುವ 'ಸಮನ್ವಯ' ಎಂದರೆ ಇದೇ.

ಕೆಲಸದ ಎರಡು ಮುಖ

1968ರ ಆಗಸ್ಟ್ 20ರ ರಾತ್ರಿ ಚೆಕೊಸ್ಲೊವಾಕಿಯಾದ ಪ್ರಾಗ್ ವಿಮಾನ ನಿಲ್ದಾಣವನ್ನು ಸೋವಿಯತ್ ಸೇನೆ ವಶಪಡಿಸಿಕೊಂಡಿತು. ಬೆನ್ನಿಗೇ ಎಎನ್-12 ವಿಮಾನಗಳು ಒಂದರ ಹಿಂದೆ ಒಂದು ಇಳಿದು ಸೈನಿಕರನ್ನು ತಂದು ಹಾಕಿದವು. 1979ರ ಡಿಸೆಂಬರ್ 25ರಂದು ಅಫ್ಘಾನಿಸ್ತಾನದಲ್ಲೂ ಇದೇ ವಿಧಾನ. ಸುಮಾರು 47 ಗಂಟೆಗಳಲ್ಲಿ 343 ಹಾರಾಟಗಳು ಕಾಬೂಲ್ ಮತ್ತು ಬಗ್ರಾಮ್‌ಗೆ ಸೈನ್ಯವನ್ನು ತಲುಪಿಸಿದವು. ಮೊದಲ ದಿನವೇ ಒಂದು ಐಎಲ್-76 ಕಾಬೂಲ್ ಬಳಿಯ ಬೆಟ್ಟಕ್ಕೆ ಅಪ್ಪಳಿಸಿ ಅದರಲ್ಲಿದ್ದವರೆಲ್ಲ ಸತ್ತರು. ಆ ದಿನ ಆರಂಭವಾದ ಯುದ್ಧ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅದರಲ್ಲಿ ಲಕ್ಷಾಂತರ ಅಫ್ಘನ್ನರು ಪ್ರಾಣ ಕಳೆದುಕೊಂಡರು.

ಇನ್ನೊಂದು ಮುಖವೂ ಇದೆ. 1988ರ ಡಿಸೆಂಬರ್ 7ರಂದು ಆರ್ಮೇನಿಯಾದಲ್ಲಿ ಭೀಕರ ಭೂಕಂಪವಾಯಿತು. ಪರಿಹಾರ ಸಾಮಗ್ರಿ ಸಾಗಿಸಲು ಇದೇ ವಿಮಾನಗಳು ಹೊರಟವು. ಡಿಸೆಂಬರ್ 11ರಂದು ರಕ್ಷಣಾ ಕೆಲಸಕ್ಕೆ ಸೈನಿಕರನ್ನು ಕರೆದೊಯ್ಯುತ್ತಿದ್ದ ಐಎಲ್-76 ಲೆನಿನಾಕನ್ ನಗರದ ಹತ್ತಿರ ಬಿತ್ತು. 78 ಜನರಲ್ಲಿ ಬದುಕಿದವರು ಒಬ್ಬರೇ. ಹೊರೆ ಯಾವುದೆಂದು ವಿಮಾನ ನಿರ್ಧರಿಸುವುದಿಲ್ಲ, ಅದನ್ನು ಕಳುಹಿಸುವವರು ನಿರ್ಧರಿಸುತ್ತಾರೆ.

1991: ಮನೆ ಒಡೆದಾಗ

1980ರ ದಶಕದ ಕೊನೆಗೆ ವಿಟಿಎಗೆ ಐದು ಡಿವಿಷನ್‌ಗಳಿದ್ದವು. ಅವುಗಳ ಕೇಂದ್ರಗಳು ಹೀಗಿದ್ದವು: ಬೆಲಾರೂಸಿನ ವಿತೆಬ್ಸ್ಕ್, ಉಕ್ರೇನಿನ ಕ್ರಿವೊಯ್ ರೋಗ್ ಮತ್ತು ಮೆಲಿತೊಪೊಲ್, ಲಿಥುವೇನಿಯಾದ ಪನೆವೆಜಿಸ್, ರಷ್ಯಾದ ಕಲಿನಿನ್ (ಈಗಿನ ತ್ವೇರ್). ಅಂದರೆ ಐದರಲ್ಲಿ ರಷ್ಯಾದ ನೆಲದಲ್ಲಿದ್ದದ್ದು ಒಂದೇ ಒಂದು. ಯುರೋಪಿನ ಕಡೆಗೆ ಬೇಗ ಹಾರಬೇಕೆಂದು ಪಶ್ಚಿಮದಲ್ಲೇ ಹೆಚ್ಚು ನೆಲೆಗಳನ್ನು ಇಟ್ಟಿದ್ದರು.

1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಪಾಲುದಾರಿಕೆ ಸಂಸ್ಥೆ ವಿಸರ್ಜನೆಯಾದಾಗ ನಾವು ರಿಯಲೈಸೇಷನ್ ಖಾತೆ ತೆರೆದು ಆಸ್ತಿಗಳನ್ನು ಅದಕ್ಕೆ ವರ್ಗಾಯಿಸಿ, ಸಾಲ ತೀರಿಸಿ, ಉಳಿದದ್ದನ್ನು ಪಾಲುದಾರರಿಗೆ ಹಂಚುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಬಹುಮಟ್ಟಿಗೆ ವಿಮಾನ ಯಾವ ನೆಲದಲ್ಲಿ ನಿಂತಿತ್ತೋ ಅದು ಆ ದೇಶದ್ದಾಯಿತು. ಉಕ್ರೇನಿಗೆ ನೂರಕ್ಕೂ ಹೆಚ್ಚು ಐಎಲ್-76 ಸಿಕ್ಕವು. ಅಷ್ಟು ವಿಮಾನಗಳಿಗೆ ಆ ದೇಶದಲ್ಲಿ ಕೆಲಸವಿರಲಿಲ್ಲ. ಹಲವನ್ನು ಸರಕು ಸಾಗಣೆ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟರು. ವಿತೆಬ್ಸ್ಕ್‌ನ ವಿಮಾನಗಳು ಬೆಲಾರೂಸಿಗೆ ಉಳಿದವು. ಬಾಲ್ಟಿಕ್ ದೇಶಗಳಲ್ಲಿದ್ದ ಘಟಕಗಳು ರಷ್ಯಾಕ್ಕೆ ವಾಪಸಾದವು. ಸಿಬ್ಬಂದಿಯ ಕಷ್ಟ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಉಕ್ರೇನಿನಲ್ಲಿದ್ದ ಅಧಿಕಾರಿಗಳು ಹೊಸ ದೇಶಕ್ಕೆ ಪ್ರಮಾಣವಚನ ಸ್ವೀಕರಿಸಬೇಕೋ, ಮನೆ ಬಿಟ್ಟು ರಷ್ಯಾಕ್ಕೆ ಹೋಗಬೇಕೋ ಎಂದು ನಿರ್ಧರಿಸಬೇಕಾಯಿತು.

ರಷ್ಯಾದಲ್ಲಿ ಹಣದ ಕೊರತೆಯಿಂದ ಹಾರಾಟ ಕಡಿಮೆಯಾಯಿತು. ಸೇನೆಯದೇ ಆದ 224ನೇ ಹಾರಾಟ ಘಟಕ ದುಡ್ಡಿಗೆ ಸರಕು ಸಾಗಿಸತೊಡಗಿತು. 1998ರಲ್ಲಿ ವಿಟಿಎಯನ್ನು '61ನೇ ವಾಯು ಸೇನೆ' ಎಂದು ಬದಲಿಸಿದರು. 2009ರಲ್ಲಿ ಮತ್ತೆ ವಿಟಿಎ ಕಮಾಂಡ್ ಬಂತು. 2015ರ ಆಗಸ್ಟ್‌ನಿಂದ ಅದು ರಷ್ಯಾದ ವಾಯು-ಅಂತರಿಕ್ಷ ಪಡೆಯ ಭಾಗ. ಈಗ 12ನೇ ಡಿವಿಷನ್ ಕೇಂದ್ರ ತ್ವೇರ್, 18ನೇ ಡಿವಿಷನ್ ಕೇಂದ್ರ ಒರೆನ್‌ಬುರ್ಗ್. ಪ್ಸ್ಕೊವ್, ತಗನ್‌ರೊಗ್, ಸೆಷ್ಚಾಗಳಲ್ಲೂ ರೆಜಿಮೆಂಟ್‌ಗಳಿವೆ.

ಕಾರ್ಖಾನೆ ಇನ್ನೊಬ್ಬರದಾದರೆ

ವಿಮಾನ ಹಂಚಿಕೊಳ್ಳುವುದಕ್ಕಿಂತ ಕಷ್ಟವಾದದ್ದು ಬಿಡಿಭಾಗಗಳ ವಿಷಯ. ಎಎನ್-124ರ ಎಂಜಿನ್ ಉಕ್ರೇನಿನ ಜಪೊರಿಜ್ಯದ್ದು. 2014ರಲ್ಲಿ ಎರಡು ದೇಶಗಳ ಸಂಬಂಧ ಕೆಟ್ಟ ಮೇಲೆ ದುರಸ್ತಿಯ ದಾರಿ ಮುಚ್ಚಿತು. ಐಎಲ್-76ರ ತಯಾರಿಕೆಯನ್ನು ತಾಷ್ಕೆಂಟ್‌ನಿಂದ ರಷ್ಯಾದ ಉಲ್ಯಾನೊವ್‌ಸ್ಕ್‌ಗೆ ತಂದರು. ಹೊಸ ಮಾದರಿ 2012ರಲ್ಲಿ ಹಾರಿತು. ಅದೇ ವರ್ಷ 39 ವಿಮಾನಗಳಿಗೆ ಒಪ್ಪಂದವಾಯಿತು. ಆದರೆ ಒಪ್ಪಿದ ಬೆಲೆ ತಯಾರಿಕೆಯ ಖರ್ಚಿಗೆ ಸಾಲಲಿಲ್ಲ. ಕಾರ್ಖಾನೆಗೆ ನಷ್ಟವಾಗಿ ಒಪ್ಪಂದವನ್ನೇ ಬದಲಿಸಬೇಕಾಯಿತು. ವೆಚ್ಚ ಲೆಕ್ಕದ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ.

2022ರ ಫೆಬ್ರುವರಿ 24ರಂದು ರಷ್ಯಾದ ಸೈನಿಕರು ಕೀವ್ ಹತ್ತಿರದ ಹೊಸ್ತೊಮೆಲ್ ವಿಮಾನ ನಿಲ್ದಾಣದಲ್ಲಿ ಹೆಲಿಕಾಪ್ಟರ್‌ಗಳಿಂದ ಇಳಿದರು. ಅದು ಪ್ರಾಗ್ ಮತ್ತು ಕಾಬೂಲ್‌ನ ಹಳೆಯ ವಿಧಾನವೇ. ಆದರೆ ಉಕ್ರೇನಿನ ಸೇನೆ ಎದುರಿಸಿ ನಿಂತಿತು. ರನ್‌ವೇ ಸುರಕ್ಷಿತವಾಗಿ ಕೈಗೆ ಸಿಗದ ಕಾರಣ ಐಎಲ್-76ಗಳು ಅಲ್ಲಿ ಇಳಿಯಲಾಗಲಿಲ್ಲ. ಆ ಹೋರಾಟದಲ್ಲಿ ಜಗತ್ತಿನ ಅತಿ ದೊಡ್ಡ ಸರಕು ವಿಮಾನ ಎಎನ್-225 ನಾಶವಾಯಿತು. ಒಂದು ಕಾಲದಲ್ಲಿ ಒಂದೇ ದೇಶದ ಎಂಜಿನಿಯರ್‌ಗಳು ಸೇರಿ ಕಟ್ಟಿದ ವಿಮಾನ ಅದು.

ನಮ್ಮ ದೇಶಕ್ಕೂ ನಂಟು

ಭಾರತೀಯ ವಾಯುಪಡೆ 1961ರಲ್ಲಿ ಎಎನ್-12, 1984ರಲ್ಲಿ ಎಎನ್-32, 1985ರಲ್ಲಿ ಐಎಲ್-76 ಪಡೆಯಿತು. ಐಎಲ್-76ಕ್ಕೆ ನಮ್ಮವರು ಇಟ್ಟ ಹೆಸರು 'ಗಜರಾಜ'. 1988ರ ನವೆಂಬರ್ 3ರಂದು ಮಾಲ್ಡೀವ್ಸ್ ಸರ್ಕಾರವನ್ನು ಉಳಿಸಲು ಆಗ್ರಾದಿಂದ ನಮ್ಮ ಸೈನಿಕರನ್ನು ಕರೆದೊಯ್ದದ್ದು ಇದೇ ವಿಮಾನ. ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಸಾಗಣೆ ವಿಮಾನಗಳ ಪೈಲಟ್‌ಗಳು ಎಎನ್-32ರಲ್ಲಿ ತರಬೇತಿ ಪಡೆದಿದ್ದಾರೆ. ಎಎನ್-32ಗಳ ನವೀಕರಣಕ್ಕೆ ಭಾರತ 2009ರಲ್ಲಿ ಉಕ್ರೇನಿನೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. 2014ರ ನಂತರ ಬಿಡಿಭಾಗಗಳು ತಡವಾಗಿ ಆ ಕೆಲಸ ಇಲ್ಲೂ ಕುಂಟಿತು. ಎಲ್ಲೋ ದೂರದ ಎರಡು ದೇಶಗಳ ಜಗಳದ ಬಿಸಿ ಕಾನ್ಪುರದ ದುರಸ್ತಿ ಡಿಪೋಗೂ ತಟ್ಟಿತು.

ತಿಳಿಯಬೇಕಾದದ್ದು

ಒಂದು ಸಂಸ್ಥೆಯ ಬಲವನ್ನು ಅದರ ಆಸ್ತಿಯ ಪಟ್ಟಿ ನೋಡಿ ಅಳೆಯುವುದು ನಮ್ಮ ರೂಢಿ. ವಿಟಿಎಯ ಪಟ್ಟಿಯಲ್ಲಿ 1991ರಲ್ಲಿ ನೂರಾರು ವಿಮಾನಗಳಿದ್ದವು. ಆದರೆ ವಿನ್ಯಾಸ ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ, ನೆಲೆ ಮತ್ತೊಂದು ಕಡೆ ಇದ್ದವು. ಅವುಗಳನ್ನು ಕಟ್ಟಿಹಾಕಿದ್ದ ಒಪ್ಪಂದ ಹರಿದಾಗ ಪಟ್ಟಿಯ ಅರ್ಥವೇ ಬದಲಾಯಿತು. ಒಡಕು ಯುದ್ಧವಾದಾಗ ನಷ್ಟ ಎಲ್ಲರದೂ ಆಯಿತು. ನಾಳೆ ನಾವು ಅಂಗಡಿ ಇಟ್ಟರೂ, ಕಂಪನಿ ಸೇರಿದರೂ ಮಾಲು ಎಷ್ಟಿದೆ ಎಂದು ಕೇಳುವುದರ ಜೊತೆಗೆ ಅದು ಎಲ್ಲಿಂದ ಬರುತ್ತದೆ, ಯಾರ ಜೊತೆ ಸಂಬಂಧ ಚೆನ್ನಾಗಿರಬೇಕು ಎಂದೂ ಕೇಳಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

1. ವಿಟಿಎಯ ಅಧಿಕಾರ ಶ್ರೇಣಿಯನ್ನು ಚಿತ್ರ ಬರೆದು ತೋರಿಸಿ.
2. ಐದು ಡಿವಿಷನ್‌ಗಳ ಕೇಂದ್ರಗಳನ್ನು ನಕ್ಷೆಯಲ್ಲಿ ಗುರುತಿಸಿ. 1991ರ ನಂತರ ಅವು ಯಾವ ಯಾವ ದೇಶಕ್ಕೆ ಸೇರಿದವು?
3. ಸ್ಥಿರ ಬೆಲೆಯ ದೀರ್ಘ ಒಪ್ಪಂದದಿಂದ ತಯಾರಕರಿಗೆ ನಷ್ಟವಾಗುವುದು ಹೇಗೆ? ನಿಮ್ಮ ಊರಿನ ವ್ಯಾಪಾರದಿಂದ ಒಂದು ಉದಾಹರಣೆ ಕೊಡಿ.