ಮಾಗುವಿಕೆಯ ಪಾಠ: ಒಂದು ಜಪಾನೀ ಪ್ರಣಯಚಿತ್ರದ ಗುಣದೋಷ ವಿವೇಚನೆ

ಪ್ರಣಯಕಥೆಯೊಂದನ್ನು, ಅದರಲ್ಲಿಯೂ ಚಲನಚಿತ್ರವೊಂದನ್ನು, ಶಾಲೆಯ ಸುವರ್ಣಮಹೋತ್ಸವದ ಸ್ಮರಣಸಂಚಿಕೆಯಲ್ಲಿ ವಿವೇಚನೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವರಾದರೂ ಕೇಳಬಹುದು. ಹದಿನಾಲ್ಕು ಹದಿನೈದರ ವಯಸ್ಸಿನ ಮಕ್ಕಳ ಮನಸ್ಸಿನಲ್ಲಿ ಅನುರಾಗ ಅಂಕುರಿಸುವುದು ಸಹಜ. ಅದು ಕಣ್ಣಿಗೆ ಬಿದ್ದಾಗ ಗದರಿಸುವುದು, ಬೀಳದಿದ್ದಾಗ ಸುಮ್ಮನಿರುವುದು, ಇವೆರಡೇ ನಮ್ಮ ಮನೆಗಳಿಗೂ ಶಾಲೆಗಳಿಗೂ ತಿಳಿದಿರುವ ಉಪಾಯಗಳು. ಮೂರನೆಯ ದಾರಿಯೊಂದುಂಟೆಂದು ತೋರಿಸುವ ಕೃತಿಯೊಂದು ಜಪಾನಿನಲ್ಲಿ ಹುಟ್ಟಿದೆ. ಆದುದರಿಂದ ಪಾಲಕರೂ ಶಿಕ್ಷಕರೂ ಅದನ್ನು ಅರಿಯುವುದು ಒಳ್ಳೆಯದು.

ಕನ್ನಡದ ಆದ್ಯ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ'ವು ಕಾವ್ಯದ ಗುಣಗಳ ಜೊತೆಗೆ ದೋಷಗಳನ್ನೂ ವಿವೇಚಿಸುತ್ತದೆ. ನಾವೂ ಅದೇ ಕ್ರಮವನ್ನು ಹಿಡಿಯೋಣ.

ಕೃತಿಪರಿಚಯ

ಚಿತ್ರದ ಜಪಾನೀ ಹೆಸರು 'ಮಿಮಿ ವೊ ಸುಮಸೆಬಾ'. 'ಕಿವಿಗೊಟ್ಟು ಆಲಿಸಿದರೆ' ಎಂಬುದು ಅದರ ಭಾವ. ಇಂಗ್ಲಿಷಿನಲ್ಲಿ 'ವಿಸ್ಪರ್ ಆಫ್ ದಿ ಹಾರ್ಟ್' ಎಂದು ಪ್ರಸಿದ್ಧವಾಗಿದೆ. ಅವೊಯಿ ಹೀರಾಗಿ ಎಂಬ ಲೇಖಕಿಯ ಚಿತ್ರಕಥಾಮಾಲೆಯನ್ನು ಆಧರಿಸಿ, ಕೈಯಿಂದ ಬರೆದ ಚಿತ್ರಗಳಿಗೆ ಚಲನೆಯನ್ನು ಕೊಡುವ ಅನಿಮೇಷನ್ ವಿಧಾನದಲ್ಲಿ ಸ್ಟುಡಿಯೊ ಘಿಬ್ಲಿ ಸಂಸ್ಥೆ ಇದನ್ನು 1995ರಲ್ಲಿ ತೆರೆಗೆ ತಂದಿತು. ಚಿತ್ರಕಥೆ ಹಯಾವೊ ಮಿಯಾಝಾಕಿಯವರದು. ನಿರ್ದೇಶನ ಯೊಶಿಫುಮಿ ಕೊಂಡೊ ಅವರದು. ಕೊಂಡೊ ನಿರ್ದೇಶಿಸಿದ ಪೂರ್ಣಾವಧಿಯ ಚಿತ್ರ ಇದೊಂದೇ. 1998ರಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಅವರು ನಿಧನ ಹೊಂದಿದರು.

ಕಥೆ ನಡೆಯುವುದು ಟೋಕಿಯೊ ಪಶ್ಚಿಮದ ತಾಮಾ ಗುಡ್ಡಪ್ರದೇಶದಲ್ಲಿ. ಶಿಜುಕು ಎಂಬ ಹದಿನಾಲ್ಕರ ಬಾಲಕಿಗೆ ಪುಸ್ತಕಗಳ ಹುಚ್ಚು. ತಾನು ಗ್ರಂಥಾಲಯದಿಂದ ತರುವ ಪುಸ್ತಕಗಳ ಕಾರ್ಡುಗಳಲ್ಲೆಲ್ಲ ಸೇಜಿ ಅಮಸಾವಾ ಎಂಬ ಹೆಸರು ತನಗಿಂತ ಮೊದಲೇ ಬರೆದಿರುವುದನ್ನು ಅವಳು ಗಮನಿಸುತ್ತಾಳೆ. ರೈಲಿನಲ್ಲಿ ಕಂಡ ಬೆಕ್ಕೊಂದನ್ನು ಹಿಂಬಾಲಿಸಿ ಹಳೆಯ ವಸ್ತುಗಳ ಅಂಗಡಿಗೆ ಬಂದಾಗ ಅದರ ವೃದ್ಧ ಯಜಮಾನ ನಿಶಿಯ ಪರಿಚಯವಾಗುತ್ತದೆ. ಸೇಜಿ ಆತನ ಮೊಮ್ಮಗ. ಪಿಟೀಲು ತಯಾರಿಸುವ ವಿದ್ಯೆಯನ್ನು ಕಲಿಯಬೇಕೆಂಬುದು ಸೇಜಿಯ ಹಂಬಲ. ಅದಕ್ಕಾಗಿ ಅವನು ಸ್ಟ್ರಾಡಿವರಿಯ ಊರಾದ ಇಟಲಿಯ ಕ್ರೆಮೋನಾಕ್ಕೆ ಎರಡು ತಿಂಗಳ ಪರೀಕ್ಷಾವಧಿಗೆ ಹೊರಡುತ್ತಾನೆ. ತನ್ನ ಶಕ್ತಿಯೇನೆಂದು ತಾನೂ ಪರೀಕ್ಷಿಸಿಕೊಳ್ಳಬೇಕೆಂದು ನಿಶ್ಚಯಿಸಿ ಶಿಜುಕು ಕಥೆಯೊಂದನ್ನು ಬರೆಯಲು ಕುಳಿತುಕೊಳ್ಳುತ್ತಾಳೆ.

ಗುಣಗಳು

ಒಂದು: ಇಲ್ಲಿ ಅನುರಾಗವು ಆಲಸ್ಯವನ್ನಲ್ಲ, ಉದ್ಯಮವನ್ನು ಹುಟ್ಟಿಸುತ್ತದೆ. ಸೇಜಿಯ ಗುರಿ ಸ್ಪಷ್ಟವಾಗಿದೆ, ತನಗೆ ಗುರಿಯೇ ಇಲ್ಲ ಎಂಬ ಅರಿವು ಶಿಜುಕುವನ್ನು ನೋಯಿಸುತ್ತದೆ. ಆ ನೋವು ಅಸೂಯೆಯಾಗದೆ ಸಂಕಲ್ಪವಾಗುತ್ತದೆ. ನಮ್ಮ ಆಲಂಕಾರಿಕರು ಹೇಳುವ ವಿಪ್ರಲಂಭಶೃಂಗಾರದಲ್ಲಿ ನಾಯಿಕೆ ವಿರಹದಿಂದ ಬಾಡುವುದುಂಟು. ಈ ನಾಯಿಕೆಯಾದರೋ ಅಗಲಿಕೆಯ ದಿನಗಳನ್ನು ಲೇಖನಿ ಹಿಡಿದು ಕಳೆಯುತ್ತಾಳೆ.

ಎರಡು: ಅಪಕ್ವತೆಯ ಕುರಿತು ಚಿತ್ರವು ತೋರುವ ಪ್ರಾಮಾಣಿಕತೆ. ಬರೆಯುವ ಮುನ್ನ ಶಿಜುಕುವಿಗೆ ನಿಶಿ ಕಲ್ಲೊಂದನ್ನು ತೋರಿಸುತ್ತಾನೆ. ಹೊರಗೆ ಸಾಮಾನ್ಯ ಬಂಡೆ. ಬಿರುಕಿನೊಳಗೆ ಹಸಿರು ಹರಳುಗಳು. ಕಣ್ಣಿಗೆ ಬೀಳುವ ದೊಡ್ಡ ಹರಳೇ ಶ್ರೇಷ್ಠವೆಂದಲ್ಲ, ನಿರ್ಮಲವಾದುದು ಇನ್ನೂ ಆಳದಲ್ಲಿರಬಹುದು, ಹುಡುಕಿ ಉಜ್ಜಿ ಹೊಳಪಿಸಲು ಕಾಲ ಬೇಕು ಎಂದು ಬೋಧಿಸುತ್ತಾನೆ. ಕಥೆ ಮುಗಿದ ಮೇಲೆ ಮೊದಲು ಓದುವವನೂ ಅವನೇ. ಕೃತಿ ಒರಟಾಗಿದೆ, ಅಪೂರ್ಣವಾಗಿದೆ ಎಂಬುದನ್ನು ಅವನು ಮುಚ್ಚಿಡುವುದಿಲ್ಲ, ಆದರೂ ಮೆಚ್ಚುತ್ತಾನೆ. ಬಾಲಕಿ ಅಳುತ್ತಾಳೆ. ಅವನು ಅವಳಿಗೆ ಬಿಸಿ ಊಟವನ್ನು ಬಡಿಸುತ್ತಾನೆ. ಸುಳ್ಳು ಹೊಗಳಿಕೆಯೂ ಇಲ್ಲ, ತೇಜೋವಧೆಯೂ ಇಲ್ಲ. ಉತ್ತರಪತ್ರಿಕೆಯನ್ನು ತಿದ್ದುವ ಪ್ರತಿಯೊಬ್ಬ ಅಧ್ಯಾಪಕನೂ ನೋಡಬೇಕಾದ ದೃಶ್ಯವಿದು.

ಮೂರು: ತಂದೆತಾಯಿಗಳ ನಡತೆ. ಬರವಣಿಗೆಯಲ್ಲಿ ಮುಳುಗಿದ ಮಗಳು ಪರೀಕ್ಷೆಯಲ್ಲಿ ಬಹಳ ಹಿಂದೆ ಬೀಳುತ್ತಾಳೆ. ಅಕ್ಕ ಗದರುತ್ತಾಳೆ. ಗ್ರಂಥಪಾಲಕನಾದ ತಂದೆ ಮಗಳ ಮಾತನ್ನು ಪೂರ್ತಿಯಾಗಿ ಕೇಳಿ, ತನಗೆ ಸರಿಕಂಡುದನ್ನು ಮಾಡಲು ಒಪ್ಪಿಗೆ ಕೊಡುತ್ತಾನೆ. ಆದರೆ ಎಲ್ಲರಿಗಿಂತ ಬೇರೆಯಾದ ದಾರಿ ಕಷ್ಟದ್ದು, ಎಡವಿದರೆ ಬೇರೆಯವರನ್ನು ದೂರುವಂತಿಲ್ಲ ಎಂಬ ಎಚ್ಚರಿಕೆಯನ್ನೂ ಕೊಡುತ್ತಾನೆ. ಕಥೆ ಬರೆದು ಮುಗಿಸಿದ ಶಿಜುಕು ತಾನಾಗಿಯೇ ಪಾಠಪುಸ್ತಕಗಳಿಗೆ ಮರಳುತ್ತಾಳೆ. ಬರೆಯುವ ಹಂಬಲವೊಂದೇ ಸಾಲದು, ಇನ್ನೂ ಹೆಚ್ಚು ಕಲಿಯಬೇಕೆಂದು ಅವಳಿಗೆ ಮನವರಿಕೆಯಾಗಿದೆ. ಎಸ್.ಎಸ್.ಎಲ್.ಸಿ. ವರ್ಷದಲ್ಲಿ ಮಕ್ಕಳ ಕೈಯಿಂದ ಕಥೆಪುಸ್ತಕವನ್ನು ಕಸಿದುಕೊಳ್ಳುವ ಪಾಲಕರು ಇದನ್ನು ಯೋಚಿಸಬೇಕು.

ನಾಲ್ಕು: ಭಾಷೆ ಮತ್ತು ನೆಲದ ಅರಿವು. ಜಾನ್ ಡೆನ್ವರ್ 1971ರಲ್ಲಿ ಹಾಡಿ ಪ್ರಸಿದ್ಧಗೊಳಿಸಿದ ಅಮೆರಿಕದ ಗೀತೆಯೊಂದನ್ನು ಶಿಜುಕು ಜಪಾನೀ ಭಾಷೆಗೆ ತರುತ್ತಾಳೆ. ಮೂಲದ ಹಳ್ಳಿದಾರಿ ಅವಳ ಊರಿನಲ್ಲಿಲ್ಲ. ಗುಡ್ಡಗಳನ್ನು ಕಡಿದು ಕಟ್ಟಿದ ವಸತಿಗಳೇ ಅಲ್ಲಿ ತುಂಬಿವೆ. ಆದುದರಿಂದ ಮೊದಲು ಕಾಂಕ್ರೀಟು ದಾರಿಯ ಹಾಸ್ಯಗೀತೆಯೊಂದನ್ನು ಕಟ್ಟುತ್ತಾಳೆ. ಗಂಭೀರವಾದ ರೂಪದಲ್ಲಿಯೂ ಮೂಲವನ್ನು ಬಿಟ್ಟು ತನ್ನ ಅನುಭವವನ್ನೇ ಹಾಡಾಗಿಸುತ್ತಾಳೆ. ಪರಭಾಷೆಯ ಗೀತೆ ನಮ್ಮದಾಗುವುದು ಹೀಗೆ ಎಂಬುದನ್ನು ಬಿ.ಎಂ.ಶ್ರೀ.ಯವರ 'ಇಂಗ್ಲಿಷ್ ಗೀತಗಳು' ಓದಿದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿ ಎಂದು ಬೆಳೆಯುವ ಕಾಸರಗೋಡಿನ ಮಕ್ಕಳಿಗಂತೂ ಅವಳ ಪ್ರಯತ್ನ ಅಪರಿಚಿತವೆನಿಸದು.

ದೋಷಗಳು

ಮೊದಲನೆಯ ದೋಷ ಉಪಕಥೆಯದು. ಸುಗಿಮುರಾ ಎಂಬ ಸಹಪಾಠಿ ಶಿಜುಕುವಿಗೆ ತನ್ನ ಮನಸ್ಸನ್ನು ತಿಳಿಸಿ ನಿರಾಕರಣೆಯನ್ನು ಪಡೆಯುತ್ತಾನೆ. ಅವನನ್ನು ಮೆಚ್ಚಿದವಳು ಶಿಜುಕುವಿನ ಗೆಳತಿ ಯೂಕೊ. ಈ ಇಬ್ಬರ ನೋವು ನಿಜವಾದುದು. ಚಿತ್ರವಾದರೋ ಅದನ್ನು ನಡುವೆಯೇ ಕೈಬಿಟ್ಟು, ಕೊನೆಯಲ್ಲಿ ಹೆಸರುಗಳು ಮೂಡುವಾಗ ಇಬ್ಬರೂ ಜೊತೆಯಾಗಿ ನಡೆಯುವುದನ್ನು ತೋರಿಸಿ ಮುಗಿಸುತ್ತದೆ. ಬಯಸಿದ್ದು ದೊರೆಯದವರೂ ತರಗತಿಯಲ್ಲಿರುತ್ತಾರೆ. ಅವರಿಗೆ ಇಲ್ಲಿ ಸಾಂತ್ವನವಿಲ್ಲ.

ಎರಡನೆಯದು, ದಾರಿ ತೀರ ಸುಗಮವಾಗಿರುವುದು. ಸೇಜಿಗೆ ಮನೆಯವರ ವಿರೋಧವಿದ್ದರೂ ಅಜ್ಜನ ಬೆಂಬಲವಿದೆ. ಕ್ರೆಮೋನಾದ ಪ್ರಯಾಣಕ್ಕೆ ಹಣವೆಲ್ಲಿಂದ ಎಂಬ ಪ್ರಶ್ನೆ ಏಳುವುದೇ ಇಲ್ಲ. ಶುಲ್ಕಕ್ಕೂ ಪರದಾಡುವ ಮನೆಗಳಿಂದ ಬಂದ ಮಕ್ಕಳು ಈ ಕೊರತೆಯನ್ನು ಬೇಗನೆ ಗುರುತಿಸುತ್ತಾರೆ. ಸೇಜಿಯ ಪಾತ್ರವೂ ಅತಿ ಪರಿಪೂರ್ಣ. ಶಿಜುಕುವಿಗಿರುವ ತಳಮಳದ ಕಾಲುಭಾಗವೂ ಅವನಲ್ಲಿ ಕಾಣುವುದಿಲ್ಲ.

ಮೂರನೆಯದೇ ಪ್ರಧಾನ ದೋಷ. ಅದು ಮುಕ್ತಾಯಕ್ಕೆ ಸಂಬಂಧಿಸಿದುದು. ಹಿಂದಿರುಗಿದ ಸೇಜಿ ಸೂರ್ಯೋದಯವನ್ನು ತೋರಿಸಲು ಶಿಜುಕುವನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಏರುದಾರಿಯಲ್ಲಿ ತುಳಿಯುತ್ತಾನೆ. ತಾನು ಹೊರೆಯಾಗಿಯೇ ಇರಲಾರೆನೆಂದು ಅವಳು ಇಳಿದು ಹಿಂದಿನಿಂದ ಸೈಕಲ್ಲನ್ನು ದೂಡುತ್ತಾಳೆ. ಚಿತ್ರದ ಸಾರಸರ್ವಸ್ವವೂ ಈ ಒಂದು ಕ್ರಿಯೆಯಲ್ಲಿದೆ. ಇದಕ್ಕಿಂತ ಸೊಗಸಾದ ಮುಕ್ತಾಯ ಬೇಕಾಗಿರಲಿಲ್ಲ. ಆದರೆ ಗುಡ್ಡವನ್ನೇರಿದ ಮೇಲೆ ಸೇಜಿ ಮದುವೆಯ ಪ್ರಸ್ತಾಪವನ್ನು ಮಾಡುತ್ತಾನೆ, ಅವಳೂ ಒಪ್ಪುತ್ತಾಳೆ.

ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಸಾರಿದವನು ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ. ಆ ಒರೆಗಲ್ಲಿಗೆ ಉಜ್ಜಿದರೆ ಈ ಪ್ರಸ್ತಾಪ ನಿಲ್ಲದು. ವಯಸ್ಸು ಎಳೆಯದೆಂಬುದಷ್ಟೇ ನನ್ನ ಆಕ್ಷೇಪವಲ್ಲ. ಶಿಜುಕು ಬರೆದ ಕಥೆ ಇನ್ನೂ ಮಾಗಬೇಕು. ಸೇಜಿಯ ವಿದ್ಯೆ ಇನ್ನೂ ಮಾಗಬೇಕು. ಅವನೂ ಮೊದಲು ಶಾಲೆಯನ್ನು ಮುಗಿಸಿ ಆಮೇಲೆ ಕ್ರೆಮೋನಾಕ್ಕೆ ಹೋಗಬೇಕು. ಇಷ್ಟೆಲ್ಲವನ್ನೂ ತಾನೇ ಹೇಳಿದ ಚಿತ್ರವು ಪ್ರೇಮವೊಂದನ್ನು ಮಾತ್ರ ಆಗಲೇ ಮಾಗಿದ ಹಣ್ಣೆಂದು ಪ್ರೇಕ್ಷಕರ ಕೈಗಿಡುತ್ತದೆ. ಆ ಹಸಿರು ಕಲ್ಲಿನ ಮಾತು ಪ್ರೇಮಕ್ಕೂ ಸಲ್ಲಬೇಕಲ್ಲವೇ? ಎರಡು ತಿಂಗಳ ಅಗಲಿಕೆಯಲ್ಲಿ ಕಂಡದ್ದು ಹೊರಗೆ ಹೊಳೆಯುವ ಹರಳು. ಆಳದಲ್ಲೇನಿದೆ ಎಂಬುದು ವರ್ಷಗಳು ಕಳೆದ ಮೇಲೆ ತಿಳಿಯಬೇಕಾದ ಸಂಗತಿ. ಹರೆಯದವರ ಮಾತು ಆ ಕ್ಷಣಕ್ಕೆ ಸತ್ಯವೇ, ಅದನ್ನು ಹಾಗೆಯೇ ತೋರಿಸಿದ್ದಾರೆ ಎಂದು ಸಮರ್ಥಿಸುವವರುಂಟು. ಒಪ್ಪಬಹುದು. ಆದರೆ ಹುಡುಗನು ಹಾಗೆ ನುಡಿಯುವುದು ಬೇರೆ, ಉದಯಸೂರ್ಯನನ್ನು ಹಿನ್ನೆಲೆಯಾಗಿಟ್ಟು ಕಲಾಕೃತಿಯೇ ಆ ಮಾತಿಗೆ ಮುದ್ರೆಯೊತ್ತುವುದು ಬೇರೆ.

ಉಪಸಂಹಾರ

ದೋಷವಿದೆಯೆಂದು ಕೃತಿಯನ್ನು ದೂರವಿಡಬೇಕಾಗಿಲ್ಲ. ಹಿರಿಯರು ಮಕ್ಕಳ ಜೊತೆಯಲ್ಲಿ ಕುಳಿತು ನೋಡುವುದಕ್ಕೆ ಇದು ಯೋಗ್ಯವಾದ ಚಿತ್ರ. ನೋಡಿದ ಮೇಲೆ ಮಕ್ಕಳನ್ನು ಎರಡು ಪ್ರಶ್ನೆಗಳನ್ನು ಕೇಳಿರಿ: ಶಿಜುಕು ಸೈಕಲ್ಲಿನಿಂದ ಇಳಿದುದೇಕೆ? ಕಥೆ ಅಲ್ಲಿಗೇ ನಿಂತಿದ್ದರೆ ನಿಮಗೆ ಕೊರತೆಯೆನಿಸುತ್ತಿತ್ತೇ? ಉತ್ತರವೇನೇ ಬಂದರೂ ಮನೆಯಲ್ಲಿ ಮಾತು ಆರಂಭವಾಗುತ್ತದೆ. ಗದರಿಕೆಗೂ ಮೌನಕ್ಕೂ ಹೊರತಾದ ಆ ಮೂರನೆಯ ದಾರಿ ಇದೇ.

ಶಿಜುಕುವಿನ ಕಥೆ ಮೊದಲಾದುದು ಗ್ರಂಥಾಲಯದ ಒಂದು ಕಾರ್ಡಿನಿಂದ ಎಂಬುದನ್ನೂ ಮರೆಯಬಾರದು. ಐವತ್ತು ವಸಂತಗಳನ್ನು ಕಂಡ ನಮ್ಮ ಶಾಲೆಯ ಕಪಾಟುಗಳಿಗೆ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದಾದರೂ ಕನ್ನಡ ಪುಸ್ತಕವನ್ನು ಸೇರಿಸಲಿ, ಅದನ್ನು ಓದಿದವರ ಹೆಸರುಗಳು ಒಂದರ ಕೆಳಗೊಂದು ಬೆಳೆಯುತ್ತ ಹೋಗಲಿ ಎಂದು ಹಾರೈಸುತ್ತೇನೆ.