ಹೊಳೆಗೆ ಮಾತ್ರೆ ನುಂಗಿಸಬೇಡಿ

ಓದುವುದಕ್ಕೆ ಮುಂಚೆ ಎದ್ದು ಹೋಗಿ ಮನೆಯ ಔಷಧದ ಡಬ್ಬಿ ತೆಗೆದು ನೋಡಿ. ಅರ್ಧ ಕತ್ತರಿಸಿದ ಶೀಟುಗಳು ಎಷ್ಟಿವೆ? ಅವುಗಳ ಬೆನ್ನ ಮೇಲೆ ಕೆಂಪು ಗೆರೆ ಇರುವವು ಎಷ್ಟು? ಕೆಂಪು ಗೆರೆ ಎಂದರೆ ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. ಅಮಾಕ್ಸಿಸಿಲಿನ್, ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್, ಹೀಗೆ ಯಾವುದಾದರೂ ಒಂದು ಆಂಟಿಬಯಾಟಿಕ್ ಅಲ್ಲಿ ಇದ್ದೇ ಇರುತ್ತದೆ. ಜ್ವರ ಬಿಟ್ಟ ಮರುದಿನವೇ ನುಂಗುವುದನ್ನು ನಿಲ್ಲಿಸಿ, ಮುಂದೆ ಬೇಕಾದೀತು ಎಂದು ಎತ್ತಿಟ್ಟಿರುತ್ತೀರಿ. ತಾರೀಕು ಮುಗಿದ ಮೇಲೆ ಕಕ್ಕಸಿಗೆ ಹಾಕಿ ಒಂದು ಚೊಂಬು ನೀರು ಬಿಡುತ್ತೀರಿ. ಕಣ್ಣಿಂದ ಮರೆಯಾಯಿತಲ್ಲ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೀರಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ನಮ್ಮ ಮೈಸೂರು ಸೀಮೆಯ ನೀರಿನ ದಾರಿಯನ್ನೇ ನೋಡಿ. ಲಕ್ಷ್ಮಣತೀರ್ಥ ಕೊಡಗಿನಿಂದ ಇಳಿದು ಹುಣಸೂರು ಪೇಟೆಯ ಕೊಳೆಯನ್ನು ಹೊತ್ತು ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಸೇರುತ್ತದೆ. ಪಿರಿಯಾಪಟ್ಟಣದ ಅಂಚನ್ನು ಮುಟ್ಟುವ ಕಾವೇರಿ ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯಲ್ಲಿ ಧುಮುಕಿ ಅದೇ ಕಟ್ಟೆಗೆ ಬರುತ್ತಾಳೆ. ಎಚ್.ಡಿ. ಕೋಟೆಯ ತಾರಕ, ನುಗು, ಹೆಬ್ಬಳ್ಳ ಎಲ್ಲ ಕಪಿಲೆಗೆ. ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ. ಈ ನಾಲ್ಕೂ ತಾಲ್ಲೂಕಿನ ಬಚ್ಚಲ ನೀರು ಕೊನೆಗೆ ಒಂದೇ ಹೊಳೆ. ಸಾಲಿಗ್ರಾಮದವರು, ಸರಗೂರಿನವರು ನಾವು ಈಗ ಬೇರೆ ತಾಲ್ಲೂಕು ಎಂದು ತಪ್ಪಿಸಿಕೊಳ್ಳಬೇಡಿ, ಹೊಳೆಗೆ ತಾಲ್ಲೂಕಿನ ಗಡಿ ತಿಳಿಯದು. ಐಐಟಿ ಮದ್ರಾಸಿನವರು ಕೆಳಗಡೆ, ತಮಿಳುನಾಡಿನಲ್ಲಿ, ಇದೇ ಕಾವೇರಿಯ ನೀರನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಹೇಳಿದರು: ನೋವಿನ ಮಾತ್ರೆ, ಬಿಪಿ ಮಾತ್ರೆಗಳ ಜೊತೆಗೆ ಸಿಪ್ರೊಫ್ಲಾಕ್ಸಸಿನ್ ಕೂಡ ಸಿಕ್ಕಿತು.

ಎಲ್ಲವೂ ಬಿಸಾಡಿದ ಮಾತ್ರೆಯಿಂದಲೇ ಬಂದದ್ದಲ್ಲ. ಸಿಪ್ರೊಫ್ಲಾಕ್ಸಸಿನ್ ನುಂಗಿದರೆ ಹತ್ತಿರ ಹತ್ತಿರ ಅರ್ಧದಷ್ಟು ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆ. ಅದಕ್ಕೆ ಯಾರನ್ನೂ ಬೈಯುವಂತಿಲ್ಲ, ಕಾಯಿಲೆ ಬಂದವರು ಔಷಧ ತೆಗೆದುಕೊಳ್ಳಲೇಬೇಕು. ಬೇಡದೆ ತೆಗೆದುಕೊಂಡದ್ದಕ್ಕೆ, ಸುಮ್ಮನೆ ಸುರಿದದ್ದಕ್ಕೆ ಮಾತ್ರ ನನ್ನ ಬೈಗುಳ. ನೆಗಡಿಗೆ ಆಂಟಿಬಯಾಟಿಕ್ ಕೇಳಬೇಡಿ, ಅದು ವೈರಸ್ಸಿನ ಕಾಯಿಲೆ. ಅಂಗಡಿಯವರನ್ನು ಪೀಡಿಸಿ ಎರಡೇ ಎರಡು ಮಾತ್ರೆ ಕೊಳ್ಳಬೇಡಿ. ವೈದ್ಯರು ಎಷ್ಟು ದಿನ ಹೇಳಿದರೋ ಅಷ್ಟು ದಿನ ನುಂಗಿ, ಆಗ ಉಳಿಯುವ ಮಾತೇ ಇಲ್ಲ. ನೀರಿನಲ್ಲಿ ಚೂರು ಚೂರು ಔಷಧ ಕಂಡು ಕಂಡು ರೋಗಾಣುಗಳು ಮೊಂಡು ಬೀಳುತ್ತವೆ. ನಾಳೆ ಮೊಮ್ಮಗನಿಗೆ ನಿಜವಾಗಿ ಬೇಕಾದಾಗ ಅದೇ ಔಷಧ ನಾಟುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಅರೆಬರೆ ಪ್ರಮಾಣ ಬೇಡವೆಂದು ಎಚ್ಚರಿಸಿದ್ದರು. ನಾವು ಕೇಳಿದೆವೇ?

ಉಳಿದುಹೋದ ಮಾತ್ರೆಗೆ ಏನು ಮಾಡಬೇಕು? 2016ರ ಘನತ್ಯಾಜ್ಯ ನಿಯಮಗಳಲ್ಲೇ ಅವಧಿ ಮುಗಿದ ಔಷಧವನ್ನು ಮನೆಯ ಅಪಾಯಕಾರಿ ಕಸ ಎಂದು ಹೇಳಲಾಗಿತ್ತು. ಬೇರೆ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಬರೆದು, ಕಸದ ಗಾಡಿಯವರಿಗೆ ಪ್ರತ್ಯೇಕವಾಗಿ ಕೊಡಿ. ಹಳ್ಳಿಯಲ್ಲಿ ಗಾಡಿ ಬರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಒಲೆಗೆ ಮಾತ್ರ ಎಸೆಯಬೇಡಿ, ಅದರ ಹೊಗೆ ಸಾಲದೆ ಇದೂ ಬೇಕೇ? ಕಪಿಲೆಯ ಮೇಲ್ಬದಿಯ ಕೇರಳದವರು 2025ರಲ್ಲಿ ಮನೆಗಳಿಂದ ಬೇಡದ ಔಷಧ ಸಂಗ್ರಹಿಸಲು ಕೋಯಿಕ್ಕೋಡಿನಲ್ಲಿ ಶುರುಮಾಡಿದರು. ಮುಂದಿನ ಗ್ರಾಮಸಭೆಯಲ್ಲಿ ನೀವೂ ಎದ್ದು ನಿಂತು ನಮಗೂ ಒಂದು ಪೆಟ್ಟಿಗೆ ಇಡಿ ಎಂದು ಕೇಳಿ, ನಾಚಿಕೆ ಬೇಡ.

ಹಸು ಕಟ್ಟಿದವರಿಗೂ ಒಂದು ಮಾತು. ಕೆಚ್ಚಲು ಬಾವಿಗೆ ಔಷಧ ಕೊಡಿಸಿದ ಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ. ಕರುವಿಗೂ ಕುಡಿಸಬೇಡಿ, ಹಳ್ಳಕ್ಕೂ ಚೆಲ್ಲಬೇಡಿ. ಬಾವಿಯಿಂದ ದೂರದ ತಿಪ್ಪೆಗುಂಡಿಗೆ ಹಾಕಿ. ಕೋಳಿಗೆ ದಪ್ಪವಾಗಲೆಂದು ಔಷಧ ಬೆರೆಸುವವರಂತೂ ಕೇಳಿಸಿಕೊಳ್ಳಿ: ಕೊಲಿಸ್ಟಿನ್ ಎಂಬ ಔಷಧವನ್ನು 2019ರಲ್ಲೇ ಸರ್ಕಾರ ಪಶುಪಕ್ಷಿಗಳಿಗೆ ನಿಷೇಧಿಸಿದೆ.

ಇನ್ನು ಕುದಿಸಿ ಕುಡಿದರಾಯಿತು ಎನ್ನುವವರಿಗೆ. ಕುದಿಸಿ, ಬಿಡಬೇಡಿ, ರೋಗಾಣು ಸಾಯುತ್ತದೆ. ಆದರೆ ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧ ಕುದಿಗೆ ಜಗ್ಗುವುದಿಲ್ಲ. ನಮ್ಮ ಒಳಚರಂಡಿ ಶುದ್ಧೀಕರಣ ಘಟಕಗಳನ್ನು ಕಟ್ಟಿದ್ದೂ ಔಷಧ ತೆಗೆಯುವುದಕ್ಕಲ್ಲ.

ನೀರಿನಲ್ಲಿರುವ ಔಷಧವನ್ನು ಒಡೆಯಲೆಂದು ಪ್ರಯೋಗಾಲಯಗಳಲ್ಲಿ ಮಾಡುವ ಅಯಸ್ಕಾಂತದ ಪುಡಿಯ ಮಾತು ಇಲ್ಲಿಗೇ ಬರುತ್ತದೆ. ಜಪಾನಿನ ಫುಜಿಶಿಮಾ ಮತ್ತು ಹೊಂಡ ಎಂಬಿಬ್ಬರು 1972ರಲ್ಲಿ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿದ್ದರೆ ನೀರೇ ಒಡೆಯುತ್ತದೆ ಎಂದು ತೋರಿಸಿದರು. ಬೆಳಕು ತಾಗಿದಾಗ ಅದರೊಳಗಿನ ಎಲೆಕ್ಟ್ರಾನು ಜಾಗ ಬಿಟ್ಟು ಹಾರುತ್ತದೆ, ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಬಲು ಚುರುಕಾದ ಕಣಗಳು ಹುಟ್ಟುತ್ತವೆ, ಅವು ಔಷಧದ ಅಣುವನ್ನು ಕಚ್ಚಿ ತುಂಡು ಮಾಡುತ್ತವೆ. ಮಾನಸಗಂಗೋತ್ರಿಯಲ್ಲಿ ಕೆ. ಬೈರಪ್ಪನವರ ತಂಡ ಸತುವಿನ ಆಕ್ಸೈಡಿನಿಂದ ಬಣ್ಣದ ನೀರನ್ನು ಹೀಗೇ ತಿಳಿ ಮಾಡಿ 2006ರಲ್ಲಿ ಪ್ರಕಟಿಸಿತು. ತೊಡಕು ಒಂದೇ: ಅಷ್ಟು ಸಣ್ಣ ಪುಡಿಯನ್ನು ಆಮೇಲೆ ನೀರಿನಿಂದ ತೆಗೆಯುವುದು ಹೇಗೆ? ಅದಕ್ಕೆ ಪುಡಿಯ ಹೊಟ್ಟೆಯಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇಟ್ಟರು. ಒಬ್ಬಟ್ಟಿನ ಹಾಗೆ ಒಳಗೆ ಹೂರಣ, ಸುತ್ತ ಸಿಲಿಕಾದ ಕಣಕ, ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್. ಸಿಲಿಕಾ ಇಲ್ಲದೆ ಎರಡೂ ನೇರ ತಾಗಿದರೆ ಕಬ್ಬಿಣ ಕರಗಿ ನೀರಿಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಅಯಸ್ಕಾಂತ ಹಿಡಿದರೆ ಪುಡಿ ಒಂದೆಡೆ ಸೇರುತ್ತದೆ, ತೊಳೆದು ಮತ್ತೆ ಬಳಸಬಹುದು. ಟೈಟಾನಿಯಂ ಡೈಆಕ್ಸೈಡಿಗೆ ಅತಿನೇರಳೆ ಬೆಳಕೇ ಬೇಕು, ಬಿಸಿಲಿನಲ್ಲಿ ಅದು ಶೇಕಡಾ 5ರಷ್ಟೂ ಇಲ್ಲ. ಅದಕ್ಕೇ ಕಣ್ಣಿಗೆ ಕಾಣುವ ಬೆಳಕನ್ನೂ ಬಳಸಿಕೊಳ್ಳುವ ಸತುವಿನ ಫೆರೈಟ್‌ನಂಥ ಅಯಸ್ಕಾಂತೀಯ ಪುಡಿಗಳ ಹಿಂದೆ ಬಿದ್ದಿದ್ದಾರೆ.

ಹಾಗೆಂದು ಸಂತೆಯಲ್ಲಿ ಯಾರಾದರೂ ಕೊಳಾಯಿಗೆ ಅಯಸ್ಕಾಂತ ಕಟ್ಟಿಕೊಳ್ಳಿ, ಔಷಧವೆಲ್ಲ ಹೋಗುತ್ತದೆ ಎಂದರೆ ದುಡ್ಡು ಬಿಚ್ಚಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಯಸ್ಕಾಂತ ಪುಡಿಯನ್ನು ಹಿಡಿಯುತ್ತದೆ, ನೀರನ್ನು ಶುದ್ಧ ಮಾಡುವುದಿಲ್ಲ. ನ್ಯಾನೋ ಪುಡಿಯನ್ನು ತಂದು ಮನೆಯ ಬಿಂದಿಗೆಗೆ ಹಾಕುವ ಸಾಹಸವೂ ಬೇಡ.

ನಿಮ್ಮ ಮನೆಯ ಮಗಳು ಎಂಎಸ್ಸಿ ಓದಲು ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗಿ ಈ ಪುಡಿಯ ಮೇಲೇ ಪ್ರಾಜೆಕ್ಟ್ ಮಾಡುತ್ತಿದ್ದರೆ, ಮುಂದಿನದನ್ನು ಅವಳ ಕೈಗೆ ಕೊಡಿ. ಅಮ್ಮಣ್ಣೀ, ಬಟ್ಟಿ ಇಳಿಸಿದ ನೀರಿನಲ್ಲಿ ಶೇಕಡಾ 95 ಹೋಯಿತು ಎಂದು ಕುಣಿಯಬೇಡಿ. ಆಷಾಢದ ಲಕ್ಷ್ಮಣತೀರ್ಥದ ಕೆಂಪು ನೀರಿನಲ್ಲಿ ಮಾಡಿ ನೋಡಿ. ಮಣ್ಣು ಬೆಳಕನ್ನು ತಡೆಯುತ್ತದೆ, ಕೊಳೆತ ಎಲೆಯ ರಸ ಆ ಚುರುಕು ಕಣಗಳನ್ನು ತಾನೇ ನುಂಗುತ್ತದೆ. ಬೆಳಕು ಬಿಡುವ ಮೊದಲು ಕತ್ತಲಲ್ಲಿ ಅರ್ಧ ಗಂಟೆಯಾದರೂ ಕಲಕಿ, ಎಷ್ಟು ಔಷಧ ಪುಡಿಗೆ ಬರೀ ಅಂಟಿಕೊಂಡಿತು ಎಂದು ಅಳೆಯಿರಿ. ಪುಡಿಯೇ ಇಲ್ಲದೆ ಬರೀ ಬೆಳಕಿನಲ್ಲೂ ಒಂದು ಸಲ ಮಾಡಿ, ಏಕೆಂದರೆ ಟೆಟ್ರಾಸೈಕ್ಲಿನ್ ಬೆಳಕಿಗೆ ತಾನಾಗಿಯೇ ಒಡೆಯುತ್ತದೆ. ಆ ಹೆಚ್ಚುಗಾರಿಕೆಯನ್ನು ನಿಮ್ಮ ಪುಡಿಯ ಲೆಕ್ಕಕ್ಕೆ ಬರೆದುಕೊಳ್ಳುವುದು ತಪ್ಪು. ಅಳೆಯುವ ಯಂತ್ರದ ಗೆರೆ ಇಳಿಯಿತೆಂದರೆ ಔಷಧ ಮಾಯವಾಯಿತೆಂದಲ್ಲ. ಒಡೆದ ತುಂಡುಗಳು ಇನ್ನೂ ರೋಗಾಣುಗಳನ್ನು ಕೆಣಕಬಲ್ಲವೇ ಎಂದು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ನೋಡಿ. ಎಷ್ಟು ಕಬ್ಬಿಣ ಕರಗಿತು, ಅಯಸ್ಕಾಂತಕ್ಕೆ ಸಿಗದೆ ಎಷ್ಟು ಪುಡಿ ನೀರಿನಲ್ಲೇ ಉಳಿಯಿತು, ಇದನ್ನೂ ಬರೆಯಿರಿ. ಬಂದ ಅಂಕಿ ಚೆನ್ನಾಗಿಲ್ಲ ಎಂದು ಮುಚ್ಚಿಡಬೇಡಿ, ನಾಳೆ ಇನ್ನೊಬ್ಬರು ಅದೇ ಗುಂಡಿಗೆ ಬೀಳುತ್ತಾರೆ. ಪುಡಿ ಮಾಡುವುದಕ್ಕೆ ದುಬಾರಿ ಕುಲುಮೆ ಬೇಕೆಂದೂ ಕೊರಗಬೇಡಿ: ಲೋಹದ ನೈಟ್ರೇಟಿಗೆ ಯೂರಿಯಾದಂಥ ಇಂಧನ ಬೆರೆಸಿ ಉರಿಸಿ ಆಕ್ಸೈಡ್ ಪಡೆಯುವ ದಾರಿಯನ್ನು ಬೆಂಗಳೂರಿನ ಐಐಎಸ್ಸಿಯಲ್ಲಿ ಕೆ.ಸಿ. ಪಾಟೀಲರು 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಆದರೆ ಹೊಗೆಗೂಡಿನ ಕೆಳಗೆ, ಕನ್ನಡಕ ಹಾಕಿಕೊಂಡು.

ಇನ್ನೊಂದು. ಇಡೀ ಹೊಳೆಯನ್ನು ಪುಡಿಯಿಂದ ತೊಳೆಯುತ್ತೇನೆ ಎಂದು ಹೊರಡಬೇಡಿ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರನ್ನು ಶುದ್ಧೀಕರಿಸಿ ಬಿಡುವ ಕಡೆಯೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದದ್ದು 2007ರಲ್ಲಿ ಬಯಲಾಯಿತು. ಹೊಳೆಗೆ ಬಿದ್ದು ಹರಡಿದ ಮೇಲೆ ಅದನ್ನು ಹುಡುಕುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ದಟ್ಟವಾಗಿರುವ ಕಡೆಯೇ ಹಿಡಿಯಬೇಕು: ಆಸ್ಪತ್ರೆಯ ತೊಟ್ಟಿ, ಕೋಳಿ ಫಾರಂನ ಗುಂಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಕೊಳೆನೀರು ಹೊರಬೀಳುವ ಕಡೆಯಿಂದ, ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು, ಕೈಗವಸು ಹಾಕಿಕೊಂಡು ಒಂದು ಬಾಟಲಿ ನೀರು ತನ್ನಿ. ಬಾಟಲಿಗೆ ಕಪ್ಪು ಕಾಗದ ಸುತ್ತಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿ.