ತೆನೆಹಬ್ಬದ ಊಟ: ಇದ್ದುದರಲ್ಲಿ ಸಂತೃಪ್ತಿ

ಓದಿ ಧ್ಯಾನಿಸಲು: ಧರ್ಮೋಪದೇಶಕಾಂಡ 26:1-11, ಲೂಕ 2:22-24, ಯೊವಾನ್ನ 2:1-11



ಆಗಸ್ಟ್ 30ರಂದು ಮರಿಯಮ್ಮನವರ ನೊವೆನಾ ಆರಂಭವಾಗುತ್ತದೆ. ಮಕ್ಕಳು ಬುಟ್ಟಿಗಳಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ಹೋಗುವುದನ್ನು ಕಂಡು ಎಲ್ಲರ ಮನಸ್ಸೂ ಅರಳುತ್ತದೆ. ಆದರೆ ಕೆಲವು ಮನೆಗಳಲ್ಲಿ ಅದೇ ಹೊತ್ತಿಗೆ ಒಂದು ಚಿಂತೆಯೂ ಹುಟ್ಟುತ್ತದೆ: "ಸೆಪ್ಟೆಂಬರ್ 8ಕ್ಕೆ ಎಲ್ಲರೂ ನಮ್ಮ ಮನೆಗೆ ಬರುತ್ತಾರೆ. ಊಟಕ್ಕೆ ಏನು ಮಾಡುವುದು? ಎಲ್ಲಿಂದ ತರುವುದು?"

ಈ ಚಿಂತೆಗೆ ಕಾರಣವಿದೆ. ಮಳೆಗಾಲದಲ್ಲಿ ಕೂಲಿ ಕೆಲಸ, ಬಣ್ಣದ ಕೆಲಸ, ಗಾರೆ ಕೆಲಸ ಎಲ್ಲವೂ ಕಡಿಮೆ. ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕಕ್ಕೆ, ಪುಸ್ತಕಕ್ಕೆ ಕೈ ಖಾಲಿಯಾಗಿರುತ್ತದೆ. ಜೊತೆಗೆ ಚೌತಿ ಮತ್ತು ತೆನೆಹಬ್ಬ ಹತ್ತಿರ ಹತ್ತಿರ ಬರುತ್ತವೆ. 2024ರಲ್ಲಿ ಚೌತಿ ಸೆಪ್ಟೆಂಬರ್ 7ರಂದು ಬಂದರೆ ಮರುದಿನವೇ ನಮ್ಮ ಹಬ್ಬ. ಇಡೀ ಊರು ಒಟ್ಟಿಗೆ ತರಕಾರಿ ಕೊಳ್ಳಲು ಹೊರಟರೆ ಬೆಂಡೆ, ಅಲಸಂಡೆಗಳ ಬೆಲೆ ಏರದೆ ಇದ್ದೀತೇ? ಹೀಗಾಗಿ ಕೆಲವರು ಸಾಲ ಮಾಡಿ ಬಡಿಸುತ್ತಾರೆ. ಇನ್ನು ಕೆಲವರು "ಈ ವರ್ಷ ನಮ್ಮಲ್ಲಿ ಬೇಡ, ಮಕ್ಕಳಿಗೆ ಹುಷಾರಿಲ್ಲ" ಎಂದು ನೆಪ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಸಾಲ ಹೇಗೋ ತೀರೀತು. ಆದರೆ ನಾಚಿಕೆಯಿಂದ ಹೀಗೆ ದೂರವಾದ ಅಣ್ಣ-ತಮ್ಮಂದಿರನ್ನು ಮತ್ತೆ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಸುಲಭವಲ್ಲ. ಆದ್ದರಿಂದ ಈ ವಾರ ಹಬ್ಬದ ಊಟದ ಬಗ್ಗೆಯೇ ಯೋಚಿಸೋಣ.

1. ಈ ಹಬ್ಬ ಹುಟ್ಟಿದ್ದೇ ಹಿತ್ತಿಲಿನಲ್ಲಿ

ನಾವು ಆಚರಿಸುವುದು ಮಾತೆ ಮರಿಯಮ್ಮನವರ ಜನನದ ಹಬ್ಬ. ಕರಾವಳಿಯಲ್ಲಿ ಅದರೊಡನೆ ಹೊಸ ಬೆಳೆಯ ಕೃತಜ್ಞತೆಯೂ ಸೇರಿದೆ. ಮೊಂತಿ ಹಬ್ಬವೆಂಬ ಹೆಸರು ನೇತ್ರಾವತಿಯ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಿಂದ ಬಂತೆಂದೂ, ಗೋವಾದಿಂದ ಬಂದ ಫಾದರ್ ಜೊವಾಕಿಂ ಮಿರಾಂದ ಅವರು ಅಲ್ಲಿ ಇದನ್ನು ಪ್ರಾರಂಭಿಸಿದರೆಂದೂ ಹಿರಿಯರು ಹೇಳುತ್ತಾರೆ.

ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ಹಿಂದೆ ಹಸಿವಿನ ತಿಂಗಳು. ಕಣಜ ಬರಿದಾದಾಗ ಕೆಸು, ತಜಂಕು, ಕಣಿಲೆ, ಕೂಡಿಟ್ಟ ಹಲಸಿನ ಬೀಜಗಳೇ ಜನರ ಜೀವ ಉಳಿಸುತ್ತಿದ್ದವು. ಆ ಹಸಿವಿನ ದಿನಗಳು ಕಳೆದು ಗದ್ದೆಯಲ್ಲಿ ಮೊದಲ ತೆನೆ ಕಂಡಾಗ ನಮ್ಮ ಹಿರಿಯರು ಅದನ್ನು ಮೊದಲು ದೇವರ ಮುಂದಿಟ್ಟು, ಬಳಿಕ ಉಂಡರು. ಮೀನು ಮಾಂಸವಿಲ್ಲದ ಈ ಊಟದಲ್ಲಿ ಇದ್ದದ್ದು ಏನು? ಕೆಸುವಿನ ದಂಟು, ಅಂಬಟೆಕಾಯಿ, ಹೀರೆ, ಬೆಂಡೆ, ಹರಿವೆ, ಸೌತೆ. ಎಲ್ಲವೂ ಮಳೆಗಾಲದ ಹಿತ್ತಿಲಿನಲ್ಲಿ ಬೆಳೆಯುವಂಥವು. ಬಡವನೂ ಮಾಡಬಹುದಾದ ಹಬ್ಬ ಇದಾಗಿತ್ತು. ಅದನ್ನು ದುಬಾರಿ ಮಾಡಿದವರು ನಾವು.

ತರಕಾರಿಗಳ ಸಂಖ್ಯೆ ಬೆಸವಾಗಿರಬೇಕೆಂಬ ರೂಢಿಯುಂಟು. ಅದಕ್ಕಾಗಿ ಏಳು, ಒಂಬತ್ತು, ಹನ್ನೊಂದು ಎಂದು ಪೈಪೋಟಿ ನಡೆಯುವುದುಂಟು. ಮೂರು ಕೂಡ ಬೆಸ ಸಂಖ್ಯೆಯೇ ಎಂಬುದನ್ನು ಮರೆಯದಿರೋಣ.

2. ಎರಡು ಪಾರಿವಾಳಗಳ ಕುಟುಂಬ

ಯಾರ ಜನನದ ಹಬ್ಬವನ್ನು ಆಚರಿಸುತ್ತಿದ್ದೇವೋ ಆಕೆಯ ಮನೆ ಎಂಥದು? ಬಾಲಯೇಸುವನ್ನು ಮಹಾದೇವಾಲಯದಲ್ಲಿ ಸಮರ್ಪಿಸಲು ಹೋದಾಗ ಮರಿಯ ಮತ್ತು ಜೋಸೆಫರು ಸಲ್ಲಿಸಬೇಕಾದ ಕಾಣಿಕೆ ಎರಡು ಪಕ್ಷಿಗಳೆಂದು ಲೂಕನು ಬರೆಯುತ್ತಾನೆ. ಯಾಜಕಕಾಂಡದ 12ನೆಯ ಅಧ್ಯಾಯ ಓದಿದರೆ ಅದರ ಅರ್ಥ ತಿಳಿಯುತ್ತದೆ: ಕುರಿಮರಿ ಕೊಡಲು ಶಕ್ತಿಯಿಲ್ಲದವರಿಗೆ ಧರ್ಮಶಾಸ್ತ್ರ ಬಿಟ್ಟುಕೊಟ್ಟ ಕಾಣಿಕೆ ಅದು. ಪವಿತ್ರ ಕುಟುಂಬ ಕುರಿಮರಿಗಾಗಿ ಸಾಲ ಮಾಡಲಿಲ್ಲ. ಕುರಿಮರಿ ಇಲ್ಲವೆಂದು ದೇವಾಲಯಕ್ಕೆ ಹೋಗದೆಯೂ ಉಳಿಯಲಿಲ್ಲ. ತಮ್ಮ ಶಕ್ತಿಗೆ ತಕ್ಕದ್ದನ್ನು ತಲೆ ಎತ್ತಿ ಸಲ್ಲಿಸಿತು.

ಅದೇ ಮರಿಯಮ್ಮ ಮುಂದೆ ಕಾನಾ ಊರಿನ ಮದುವೆಯಲ್ಲಿ ಕಾಣಿಸುತ್ತಾರೆ. ದ್ರಾಕ್ಷಾರಸ ಮುಗಿದದ್ದು ಅತಿಥಿಗಳಿಗೆ ಗೊತ್ತಾಗುವ ಮೊದಲೇ ಆ ತಾಯಿಯ ಕಣ್ಣಿಗೆ ಬಿತ್ತು. ಆಕೆ ಮನೆಯವರನ್ನು ದೂರಲಿಲ್ಲ, ಪಕ್ಕದವರಲ್ಲಿ ಪಿಸುಗುಟ್ಟಲಿಲ್ಲ. ಮಗನಿಗೆ ಮಾತ್ರ ತಿಳಿಸಿದರು. ಆತಿಥೇಯರ ಮಾನ ಉಳಿಯಿತು. ಮರಿಯ ಭಕ್ತರು ಕಲಿಯಬೇಕಾದ ಮೊದಲ ಪಾಠ ಇದು: ಬೇರೊಬ್ಬರ ಮನೆಯ ಬರಿದಾದ ಬಾನಿಯನ್ನು ಗಮನಿಸುವುದು, ಆದರೆ ಅದನ್ನು ಆಡಿ ತೋರಿಸದಿರುವುದು.

3. ಮೊದಲು ಲೆಕ್ಕ, ಆಮೇಲೆ ಪಟ್ಟಿ

ಸಾಮಾನ್ಯವಾಗಿ ನಾವು ಅಡುಗೆಯ ಪಟ್ಟಿ ಮಾಡಿ, ಆಮೇಲೆ ಹಣ ಹುಡುಕುತ್ತೇವೆ. ಇದನ್ನು ತಿರುಗಿಸಿ. ಗಂಡ ಹೆಂಡತಿ ಇಬ್ಬರೂ ಕುಳಿತು, ಸಾಲವಿಲ್ಲದೆ, ಚಿನ್ನ ಅಡವಿಡದೆ ಎಷ್ಟು ಖರ್ಚು ಮಾಡಬಹುದೆಂದು ನಿಶ್ಚಯಿಸಿ. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಇಲ್ಲದವರಿಗೆಂದು ಮೊದಲೇ ಬೇರೆ ತೆಗೆದಿಡಿ. ಉಳಿದದ್ದು ನಿಮ್ಮ ಹಬ್ಬದ ಹಣ.

ಹನ್ನೆರಡು ಮಂದಿಗೆ ಐದು ತರಕಾರಿಗಳ ಊಟಕ್ಕೆ ಸುಮಾರು ಬೇಕಾಗುವುದು ಇಷ್ಟು:

ಅಕ್ಕಿ: ಒಂದೂವರೆ ಕಿಲೋ ಕುಚ್ಚಲಕ್ಕಿ. ಚಿಕ್ಕ ಮಕ್ಕಳಿದ್ದರೆ ಇದಕ್ಕಿಂತ ಕಡಿಮೆ ಸಾಕು.

ತರಕಾರಿ: ಪ್ರತಿ ಬಗೆಗೂ ಮುಕ್ಕಾಲು ಕಿಲೋದಷ್ಟು. ಬಗೆ ಹೆಚ್ಚಿದಷ್ಟೂ ಒಬ್ಬೊಬ್ಬರು ಹಾಕಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಪ್ರತಿಯೊಂದನ್ನೂ ಎರಡೆರಡು ಕಿಲೋ ತಂದು ಮರುದಿನ ಚೆಲ್ಲುವುದು ಬೇಡ.

ಕಡಲೆ: ಕಾಲು ಕಿಲೋ. ರಾತ್ರಿ ನೆನೆಹಾಕಿದರೆ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೊಂಡೆಕಾಯಿಗೆ ಗೇರುಬೀಜದ ಬದಲು ಕಡಲೆ ಸೇರಿಸಿ ಸುಕ್ಕ ಮಾಡಿದರೆ ರುಚಿಗೂ ಕೊರತೆಯಿಲ್ಲ, ಹೊಟ್ಟೆಗೂ ಬಲ.

ಪಾಯಸ: ಹೆಸರುಬೇಳೆ 300 ಗ್ರಾಂ, ಬೆಲ್ಲ ಅರ್ಧ ಕಿಲೋದೊಳಗೆ, ತೆಂಗಿನಕಾಯಿ ಎರಡು. ದಪ್ಪ ಹಾಲನ್ನು ಕೊನೆಯಲ್ಲಿ ಹಾಕಿ, ಕುದಿಸದೆ ಇಳಿಸಿ.

ತೆಂಗಿನಕಾಯಿ: ಮಸಾಲೆಗೂ ಪಲ್ಯಕ್ಕೂ ಇನ್ನೆರಡು.

ಕೆಸುವಿನ ದಂಟು, ಬಾಳೆ ಎಲೆ, ಅಂಬಟೆಕಾಯಿ ನಿಮ್ಮ ಹಿತ್ತಿಲಿನಲ್ಲಿ ಇಲ್ಲದಿದ್ದರೆ ನೆರೆಯವರ ಹಿತ್ತಿಲಿನಲ್ಲಿ ಇರಬಹುದು. ಕೇಳಲು ಸಂಕೋಚಪಡಬೇಡಿ, ಪ್ರತಿಯಾಗಿ ಒಂದು ಪಾತ್ರೆ ಪಾಯಸ ಕೊಟ್ಟು ಬನ್ನಿ. ಕೆಸುವಿಗೆ ಅಂಬಟೆಯ ಅಥವಾ ಹುಣಸೆಯ ಹುಳಿ ಧಾರಾಳವಾಗಿರಲಿ, ಗಂಟಲು ತುರಿಸುವುದಿಲ್ಲ. ಸೌತೆ, ತೊಂಡೆ, ಕಡಲೆ, ಬೆಲ್ಲಗಳನ್ನು ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ತಂದಿಡಬಹುದು. ಬೆಂಡೆಯ ಬೆಲೆ ಏರಿದ್ದರೆ ಹರಿವೆ ಮಾಡಿ. ಬೆಂಡೆಯಿಲ್ಲದ ತೆನೆಹಬ್ಬವೂ ತೆನೆಹಬ್ಬವೇ.

4. ಒಬ್ಬರ ಮೇಲೆ ಹೊರೆ ಬೇಡ

ಅಡುಗೆಯ ಖರ್ಚನ್ನು ಹಂಚಿಕೊಳ್ಳುವುದರಲ್ಲಿ ಅವಮಾನವಿಲ್ಲ. "ಅಕ್ಕಾ, ಈ ಸಲ ಊಟ ನಮ್ಮಲ್ಲಿ. ಪಾಯಸ ನೀವು ಮಾಡಿಕೊಂಡು ಬನ್ನಿ" ಎಂದು ಬಾಯಿಬಿಟ್ಟು ಹೇಳಿ. ಮುಂಬೈಯಿಂದ, ಗಲ್ಫ್‌ನಿಂದ ಬಂದಿರುವ ಬಂಧುಗಳಿಗೂ ಒಂದು ಮಾತು: ಊರಿನ ತಮ್ಮನ ಮನೆಗೆ ಕೇಕ್, ಚಾಕೊಲೇಟು ತರುವ ಬದಲು ಎರಡು ದಿನ ಮೊದಲೇ ಅಕ್ಕಿ, ತೆಂಗಿನಕಾಯಿ ತಲುಪಿಸಿದರೆ ಅದು ನಿಜವಾದ ನೆರವು. ಅದನ್ನು ಹತ್ತು ಜನರೆದುರು ಕೊಡಬೇಡಿ. ಕಾನಾ ಊರಿನ ತಾಯಿಯನ್ನು ನೆನೆಯಿರಿ.

ಹೊರೆಯೆಂದರೆ ಹಣ ಮಾತ್ರವಲ್ಲ. ಭಾರತದ ಧರ್ಮಸಭೆಯಲ್ಲಿ ಸೆಪ್ಟೆಂಬರ್ 8ನ್ನು ಹೆಣ್ಣುಮಕ್ಕಳ ದಿನವಾಗಿಯೂ ಆಚರಿಸುತ್ತೇವೆ. ಆ ದಿನವೇ ಮನೆಯ ತಾಯಿ ಒಲೆಯ ಮುಂದೆ ಬೆಂದು, ಬಲಿಪೂಜೆಗೂ ಹೋಗಲಾಗದೆ, ಎಲ್ಲರೂ ಉಂಡ ಮೇಲೆ ತಣ್ಣಗಾದ ಅನ್ನ ಉಣ್ಣುವುದು ಸರಿಯೇ? ಹಿಂದಿನ ಸಂಜೆಯೇ ಕೆಸು ಹೆಚ್ಚಿ, ಮಸಾಲೆ ಹುರಿದಿಟ್ಟುಕೊಳ್ಳಿ. ತೆಂಗಿನಕಾಯಿ ತುರಿಯುವುದು ಗಂಡಸರ ಪಾಲಿಗಿರಲಿ. ಎಲೆ ತೊಳೆಯುವುದು, ನೀರು ಬಡಿಸುವುದು, ಪಾತ್ರೆ ಉಜ್ಜುವುದು ಗಂಡುಮಕ್ಕಳೂ ಕಲಿಯಲಿ. ಇಡೀ ಕುಟುಂಬ ಬಲಿಪೂಜೆಗೆ ಒಟ್ಟಿಗೆ ಹೋಗಿ, ತೆನೆ ತಂದು, ಒಟ್ಟಿಗೆ ಎಲೆಯ ಮುಂದೆ ಕೂರುವಂತೆ ಅಡುಗೆಯನ್ನು ಯೋಜಿಸಿ. ಅದಕ್ಕಾಗಿ ಎರಡು ಬಗೆ ಕಡಿಮೆಯಾದರೂ ಚಿಂತೆಯಿಲ್ಲ.

5. ಎಲೆಯ ಮುಂದೆ

ಆಶೀರ್ವದಿಸಿದ ತೆನೆಯನ್ನು ಪೀಠದ ಮುಂದಿಟ್ಟು ದೀಪ ಹಚ್ಚಿ. ಮನೆಯ ಹಿರಿಯರು ಭತ್ತದ ಕಾಳು ಸುಲಿದು, ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥಿಸಿ ಎಲ್ಲರಿಗೂ ಕೊಡಲಿ. ತೀರಿಹೋದವರನ್ನೂ ದೂರದಲ್ಲಿರುವವರನ್ನೂ ಹೆಸರು ಹೇಳಿ ನೆನೆಯಿರಿ. ಪರದೇಶದಲ್ಲಿದ್ದ ಮಕ್ಕಳಿಗೆ ತೆನೆಯ ಕಾಳನ್ನು ಅಂಚೆಯ ಲಕೋಟೆಯಲ್ಲಿ ಕಳುಹಿಸುತ್ತಿದ್ದ ತಂದೆತಾಯಿಗಳ ಪ್ರೀತಿಯನ್ನು ಮಕ್ಕಳಿಗೆ ತಿಳಿಸಿ. ಊಟಕ್ಕೆ ಮೊದಲೂ ಆಮೇಲೂ ಒಂದು ಕ್ಷಣ ನಿಂತು ದೇವರಿಗೆ ವಂದಿಸುವ ರೂಢಿಯನ್ನು ಮತ್ತೆ ತನ್ನಿರೆಂದು ಪೋಪ್ ಫ್ರಾನ್ಸಿಸ್ ಅವರು 2015ರ "ಲೌದಾತೊ ಸಿ" ವಿಶ್ವಪತ್ರದಲ್ಲಿ ಕೇಳಿಕೊಂಡಿದ್ದಾರೆ. ಅದನ್ನು ಪ್ರಾರಂಭಿಸಲು ಇದಕ್ಕಿಂತ ಒಳ್ಳೆಯ ದಿನ ಯಾವುದು?

ಯಾರ ಮನೆಯಲ್ಲಿ ಎಷ್ಟು ಬಗೆ ಎಂಬ ಮಾತು ಎಲೆಯ ಮುಂದೆ ಬೇಡ. ಹಳೆಯ ಆಸ್ತಿಯ ಜಗಳವೂ ಬೇಡ. ಪ್ರೀತಿಯಿರುವ ಮನೆಯ ಸೊಪ್ಪಿನ ಊಟ ಹಗೆಯಿರುವ ಮನೆಯ ಕೊಬ್ಬಿದ ಕರುವಿನ ಮಾಂಸಕ್ಕಿಂತ ಮೇಲು ಎಂಬ ಅರಿವು ಜ್ಞಾನೋಕ್ತಿಗಳಲ್ಲಿದೆ (15:17). ಸೊಪ್ಪು ತರಕಾರಿ ಉಣ್ಣುವ ಈ ದಿನಕ್ಕೆ ಆ ವಾಕ್ಯ ಎಷ್ಟು ಚೆನ್ನಾಗಿ ಒಪ್ಪುತ್ತದೆ!

6. ಬಾಗಿಲಿನಾಚೆ

ಪ್ರಥಮ ಫಲ ಅರ್ಪಿಸಿದವನು ಲೇವಿಯರೊಡನೆ, ಪರದೇಶಿಯೊಡನೆ ಸಂತೋಷಪಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ. ಹಬ್ಬದ ದಿನ ಏನೂ ಸಿದ್ಧಮಾಡಿಕೊಳ್ಳದವರಿಗೆ ಪಾಲು ಕಳುಹಿಸಲು ನೆಹೆಮೀಯನ ಗ್ರಂಥ ಹೇಳುತ್ತದೆ (8:10). ನಿಮ್ಮ ವಾರ್ಡಿನಲ್ಲಿ ಒಂಟಿಯಾಗಿರುವ ವಿಧವೆ, ಹಾಸಿಗೆ ಹಿಡಿದ ಅಜ್ಜ, ದೂರದ ರಾಜ್ಯದಿಂದ ಬಂದ ಕಾರ್ಮಿಕ ಯಾರು? ಗುರ್ಕಾರರನ್ನು ಕೇಳಿದರೆ ತಿಳಿದೀತು. ಊಟ ಮುಗಿದ ಮೇಲೆ ಉಳಿದದ್ದನ್ನಲ್ಲ, ಉಣ್ಣುವ ಮೊದಲೇ ಒಂದು ಎಲೆಯ ಊಟವನ್ನು ಕಟ್ಟಿ ಮಕ್ಕಳ ಕೈಯಲ್ಲಿ ಕಳುಹಿಸಿ. ಮಾಂಸವಿಲ್ಲದ ಊಟವಾದ್ದರಿಂದ ಸಸ್ಯಾಹಾರಿ ನೆರೆಯವರನ್ನೂ ಕರೆಯಬಹುದು.

ಈ ವರ್ಷ ನಿಮ್ಮ ಕೈಯಲ್ಲಿ ನಿಜವಾಗಿಯೂ ಏನೂ ಇಲ್ಲವೇ? ಆಗಲೂ ಬಾಗಿಲು ಹಾಕಬೇಡಿ. ಗಂಜಿ, ಒಂದು ಪಲ್ಯ, ತೆನೆಯ ಕಾಳು ಬೆರೆಸಿದ ಒಂದು ಲೋಟ ಬೆಲ್ಲದ ಹಾಲು. ಎರಡು ಪಾರಿವಾಳಗಳನ್ನು ಸಲ್ಲಿಸಿದ ತಾಯಿಗೆ ಅದರ ಬೆಲೆ ಗೊತ್ತು.

ಮನೆಯಲ್ಲಿ ಚರ್ಚಿಸಲು

• ನಮ್ಮ ಹಬ್ಬದ ಊಟದಲ್ಲಿ ದೇವರಿಗಾಗಿ ಮಾಡುವುದೆಷ್ಟು, ನೆಂಟರ ಮೆಚ್ಚುಗೆಗಾಗಿ ಮಾಡುವುದೆಷ್ಟು?
• ಕಳೆದ ವರ್ಷ ಬಾರದೆ ಉಳಿದ ಬಂಧು ಯಾರು? ಕಾರಣವೇನಿರಬಹುದು?
• ಈ ಸಲ ಅಮ್ಮನ ಯಾವ ಕೆಲಸವನ್ನು ಯಾರು ವಹಿಸಿಕೊಳ್ಳುತ್ತೀರಿ?

ಪ್ರಾರ್ಥನೆ

ತಂದೆಯಾದ ದೇವರೇ, ಮಳೆಯನ್ನೂ ಬೆಳೆಯನ್ನೂ ಕೊಟ್ಟ ನಿಮಗೆ ವಂದನೆ. ನಮ್ಮ ಎಲೆಯಲ್ಲಿ ಇರುವುದರಲ್ಲಿ ತೃಪ್ತಿಯನ್ನೂ, ಬೇರೆಯವರ ಎಲೆಯಲ್ಲಿ ಇಲ್ಲದ್ದನ್ನು ಕಾಣುವ ಕಣ್ಣನ್ನೂ ನಮಗೆ ಕೊಡಿ. ಮಾತೆ ಮರಿಯಮ್ಮನವರ ಬಿನ್ನಹದಿಂದ ನಮ್ಮ ಕುಟುಂಬಗಳು ಒಂದಾಗಿ ಉಣ್ಣಲಿ. ಆಮೆನ್.